ಡೆನಿಸ್ ಯಾರನ್ನೂ ನಂಬುವುದಿಲ್ಲ

ವಿಮಾನ ನಿಲ್ದಾಣ

ಗಾಜಿನ ಹಿಂದೆ ಕುಳಿತಿದ್ದ ಅಮೆರಿಕದ ಅಧಿಕಾರಿ ನನ್ನ ಪಾಸ್‌ಪೋರ್ಟಿನ ಹಾಳೆ ತಿರುವುತ್ತ, ಊರಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ. ‘ಹೌಸ್‌ವೈಫ್ ಅಂತ ಹೇಳು ಅಕ್ಕ, ಜಾಸ್ತಿ ಮಾತಾಡ್ಬೇಡ’ ಎಂದು ತಂಗಿ ಶೈಲಜಾ ಫೋನಿನಲ್ಲಿ ಹತ್ತು ಸಲ ಪಾಠ ಮಾಡಿದ್ದಳು. ಎರಡು ವಿಮಾನ ಬದಲಿಸಿ, ನಿದ್ದೆಗೆಟ್ಟು, ಕಾಲು ಊದಿಸಿಕೊಂಡು ನಿಂತಿದ್ದ ನನ್ನ ಬಾಯಿಂದ ಹೊರಟದ್ದು ‘ಎಕ್ಸ್ ಪ್ರೆಸಿಡೆಂಟ್’ ಎಂಬ ಮಾತು.

ಆತ ತಲೆ ಎತ್ತಿದ. ‘ಯಾವ ದೇಶಕ್ಕೆ?’

‘ದೇಶಕ್ಕಲ್ಲ, ನಾಲ್ಕು ಹಳ್ಳಿಗೆ’ ಎಂದೆ.

ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಗೆ ಎರಡೂವರೆ ವರ್ಷ ಅಧ್ಯಕ್ಷೆಯಾಗಿದ್ದೆ. ಅದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಬೆರಳಚ್ಚು ಕೊಡಲು ಕೈ ಚಾಚಿದಾಗ ಆತನ ಮುಖದಲ್ಲಿ ನಗು ತಡೆದುಕೊಂಡ ಗುರುತಿತ್ತು. ‘ಬನ್ನಿ, ಮೇಡಂ ಪ್ರೆಸಿಡೆಂಟ್’ ಎಂದು ಪಾಸ್‌ಪೋರ್ಟ್ ಮರಳಿಸಿದ. ಅಧಿಕಾರ ಹೋದ ಮೇಲೆ ಊರಿನಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಹೊರಗೆ ಕಾಯುತ್ತಿದ್ದ ಶೈಲಾಗೆ ಇದನ್ನು ಹೇಳಿದರೆ ಅವಳು ಹಣೆ ಹಣೆ ಚಚ್ಚಿಕೊಂಡಳು. ‘ಒಳಗೆ ಕೂರ್ಸಿ ಎನ್‌ಕ್ವಯರಿ ಮಾಡಿದ್ರೆ ಏನ್ ಮಾಡ್ತಿದ್ದೆ ಅಕ್ಕ?’

‘ಕೆರೆ ಹೂಳೆತ್ತಿಸಿದ ಕತೆ ಹೇಳ್ತಿದ್ದೆ ಕಣೆ’ ಎಂದೆ.

ಟೋಟೆಮ್ ಲೇಕ್

ಶೈಲಾ ನೀರು ಸರಬರಾಜಿನ ಕೊಳವೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಅವಳ ಗಂಡ ನಾಗೇಂದ್ರನದು ಸಾಫ್ಟ್‌ವೇರ್. ಮಗಳು ಅನಘಾಗೆ ಹದಿನೇಳು. ಎರಡು ವರ್ಷದ ಕೂಸಾಗಿದ್ದಾಗ ಮೈಸೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಯ ಈ ಟೋಟೆಮ್ ಲೇಕಿಗೆ ಬಂದವಳು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ವಾರ ನಾವಿಬ್ಬರೂ ಒಬ್ಬರಿಗೊಬ್ಬರು ಸಾಕಷ್ಟು ಗಟ್ಟಿಯಾಗಿ ಮಾತಾಡಿದೆವು, ಗಟ್ಟಿಯಾಗಿ ಹೇಳಿದರೆ ಭಾಷೆ ಬದಲಾಗುತ್ತದೆ ಎಂಬಂತೆ.

ಬೆಳಗ್ಗೆ ಎಂಟಕ್ಕೆ ಮೂವರೂ ಹೊರಟುಹೋದರೆ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ನಮ್ಮೂರಿನಲ್ಲಿ ಬಾಗಿಲು ತೆರೆದಿಟ್ಟರೆ ಯಾರಾದರೂ ಒಳಗೆ ಬರುತ್ತಾರೆ. ಇಲ್ಲಿ ತೆರೆದಿಟ್ಟರೆ ಅಲಾರಂ ಕಿರುಚುತ್ತದೆ. ಹಾಗಾಗಿ ಕೆಳಗಿಳಿದು, ಕಟ್ಟಡಗಳ ನಡುವಿನ ಮರದ ಬೆಂಚಿನ ಮೇಲೆ ಕುಳಿತುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ನಾಯಿಗಳನ್ನು ಅಡ್ಡಾಡಿಸಲು ಬಂದವರೆಲ್ಲ ಮುಗುಳ್ನಗುತ್ತಿದ್ದರು. ಯಾವ ಊರು, ಯಾರ ಮನೆಗೆ ಬಂದಿರಿ ಎಂದು ಮಾತ್ರ ಒಬ್ಬರೂ ಕೇಳುತ್ತಿರಲಿಲ್ಲ. ನಗುವಿನ ನಂತರ ಏನೂ ಇಲ್ಲದಿರುವುದಕ್ಕೆ ಒಗ್ಗಿಕೊಳ್ಳಲು ಹತ್ತು ದಿನ ಹಿಡಿಯಿತು.

ಹನ್ನೊಂದನೆಯ ದಿನ ಅದೇ ಬೆಂಚಿನ ಮೇಲೆ ಎತ್ತರದ ಮುದುಕರೊಬ್ಬರು ಕುಳಿತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಕಪ್ಪು ಹಣ್ಣು. ಅಲ್ಲಿಯ ಕಾಲುದಾರಿಗಳ ಪಕ್ಕದಲ್ಲಿ ಮುಳ್ಳುಪೊದೆಯಾಗಿ ಬೆಳೆಯುವ ಬ್ಲ್ಯಾಕ್‌ಬೆರಿ ಅದು. ‘ತಿನ್ನಿ. ಪುಕ್ಕಟೆ ಬೆಳೆದರೆ ಇಲ್ಲಿಯವರು ಮುಟ್ಟುವುದಿಲ್ಲ’ ಎಂದು ಡಬ್ಬಿ ಮುಂದೆ ಮಾಡಿದರು. ಅವರ ಇಂಗ್ಲಿಷ್ ಅಮೆರಿಕದವರದಲ್ಲ ಎಂದು ನನಗೂ ತಿಳಿಯಿತು. ನಾವು ಆಡಿದ್ದನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಅರ್ಧದಷ್ಟು ಮಾತನ್ನು ಇಬ್ಬರೂ ಎರಡೆರಡು ಸಲ ಹೇಳಬೇಕಾಗುತ್ತಿತ್ತು ಎಂಬುದನ್ನು ಓದುಗರು ಸೇರಿಸಿಕೊಳ್ಳಬೇಕು.

ಹೆಸರು ಡೆನಿಸ್. ಉತ್ತರ ಇಂಗ್ಲೆಂಡಿನ, ಹತ್ತಿಗಿರಣಿಗಳು ಮುಚ್ಚಿಹೋದ ಒಂದು ಪಟ್ಟಣದವರು. ಬಸ್ ಚಾಲಕರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ. ಮಗಳು ಕ್ಯಾರೆನ್ ನಮ್ಮ ಪಕ್ಕದ ಬ್ಲಾಕಿನಲ್ಲಿದ್ದಳು. ಅವಳೂ ಎಂಜಿನಿಯರು, ಕೆಲಸದ ಮೇಲೆ ವಾರವಾರ ಊರೂರು ಸುತ್ತುವವಳು. ಅವರೂ ನನ್ನಂತೆ ಮೂರು ತಿಂಗಳಿಗೆ ಬಂದು ಹಗಲೆಲ್ಲ ಒಂಟಿಯಾಗಿದ್ದವರು.

‘ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರು.

‘ರಾಜಕೀಯದಲ್ಲಿದ್ದೆ’ ಎಂದು, ವಿಮಾನ ನಿಲ್ದಾಣದ ಕತೆ ಹೇಳಿದೆ.

ಡೆನಿಸ್ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಮಾಷೆ ಎಂದು ನಾನು ನಕ್ಕೆ, ಆದರೆ ಪೂರ್ತಿ ತಮಾಷೆಯಾಗಿರಲಿಲ್ಲ. ‘ಐವತ್ತು ವರ್ಷದಿಂದ ಓಟು ಹಾಕುತ್ತಿದ್ದೇನೆ. ಈಗ ಅವರಲ್ಲಿ ಒಬ್ಬರನ್ನೂ ನಂಬುವುದಿಲ್ಲ’ ಎಂದರು.

ಬೆಂಚು ಬಿಟ್ಟು ಏಳಲಿಲ್ಲ ಎಂಬುದೊಂದೇ ಸಮಾಧಾನ.

ದಾರಿ ತಪ್ಪಿ ಮರ್ಸರ್ ಐಲ್ಯಾಂಡ್

ಮರುವಾರ ಇಬ್ಬರೂ ಬಸ್ಸಿನಲ್ಲಿ ಸುತ್ತಾಡಿ ಬರೋಣ ಎಂದು ಹೊರಟೆವು. ನಲವತ್ತು ವರ್ಷ ಬಸ್ ಓಡಿಸಿದವರ ಜೊತೆ ಹೋಗುತ್ತಿದ್ದೇನೆಂಬ ಧೈರ್ಯ ನನಗಿತ್ತು. ಆದರೆ ಪಕ್ಕದ ಊರಾದ ಬೆಲ್ವ್ಯೂನಲ್ಲಿ ಬಸ್ ಬದಲಿಸುವಾಗ ಡೆನಿಸ್ ನನ್ನನ್ನು ತಪ್ಪು ಬಸ್ಸಿಗೆ ಹತ್ತಿಸಿದರು. ಕಿಟಕಿಯಲ್ಲಿ ಅಂಗಡಿಗಳು ಬರುವುದರ ಬದಲು ನೀರು ಬಂತು. ಬಸ್ಸು ಸೇತುವೆ ಏರಿ ಸರೋವರದೊಳಕ್ಕೆ ಹೋಗುತ್ತಿತ್ತು. ‘ಇದು ದಾರಿಯೇ?’ ಎಂದೆ. ಅವರು ಕಿವಿಯವರೆಗೆ ಕೆಂಪಾಗಿ, ‘ನಾನು ಓಡಿಸುತ್ತಿದ್ದೆ ಅಷ್ಟೆ, ಎಲ್ಲಿಗೆ ಅಂತ ಬೋರ್ಡು ಹಾಕುತ್ತಿದ್ದವರು ಬೇರೆ’ ಎಂದರು.

ಇಳಿದದ್ದು ಸರೋವರದ ನಡುವಿನ ದ್ವೀಪ ಮರ್ಸರ್ ಐಲ್ಯಾಂಡಿನಲ್ಲಿ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಆ ಕಡೆಯ ಪದ್ಧತಿ. ಹಿಂದಿನ ಬಾಗಿಲಿನಿಂದ ಇಳಿಯುವವರೂ ಕೂಗಿ ಹೇಳುತ್ತಾರೆ. ನಮ್ಮ ಕಡೆ ಡ್ರೈವರಿಗೆ ಕೂಗಿ ಹೇಳುವ ಮಾತುಗಳೇ ಬೇರೆ. ಡೆನಿಸ್ ಮಾತ್ರ ಮುಂದಿನ ಬಾಗಿಲಿಗೆ ಹೋಗಿ, ಡ್ರೈವರನ ಕೈ ಕುಲುಕಿ ಇಳಿದರು. ಆತ ಇಥಿಯೋಪಿಯಾದಿಂದ ಬಂದವನಂತೆ. ವಾಪಸು ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಸೀಟಿನಿಂದಲೇ ಕೈ ತೋರಿಸಿ, ನಾವು ರಸ್ತೆ ದಾಟುವವರೆಗೆ ಬಸ್ಸು ನಿಲ್ಲಿಸಿಕೊಂಡಿದ್ದ.

ನಿಲ್ದಾಣದ ನೆರಳಿನಲ್ಲಿ ಕುಳಿತಾಗ, ರಾಜಕಾರಣಿಗಳನ್ನು ನಂಬದಂತೆ ಏನಾಯಿತು ಎಂದು ಕೇಳಿದೆ.

‘ಹೊರಗಿನಿಂದ ಬರುವವರ ಸಂಖ್ಯೆ ಇಳಿಸುತ್ತೇವೆ ಅಂದರು ಒಬ್ಬರು. ಅವರಿಗೆ ಹಾಕಿದೆ. ಇಳಿಯಲಿಲ್ಲ. ಯೂರೋಪಿನ ಒಕ್ಕೂಟದಿಂದ ಆಚೆ ಬಂದರೆ ಎಲ್ಲ ನಮ್ಮ ಕೈಯಲ್ಲಿ ಅಂದರು ಇನ್ನೊಬ್ಬರು. ಅದಕ್ಕೂ ಹಾಕಿದೆ. ಜಾಸ್ತಿಯಾಯಿತು. ಮತ್ತೊಬ್ಬರು ಸಮುದ್ರ ದಾಟಿ ಜನರನ್ನು ತರುವ ದೋಣಿಗಳನ್ನು ನಿಲ್ಲಿಸುತ್ತೇವೆ ಅಂದರು. ಈಗ ಬಂದಿರುವವನು ಎಲ್ಲರನ್ನೂ ಗಂಟುಮೂಟೆ ಕಟ್ಟಿಸುತ್ತೇನೆ ಅನ್ನುತ್ತಾನೆ. ಅವನೂ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತು, ಜಯಾ. ಆದರೂ ಮುಂದಿನ ಸಲ ಅವನಿಗೇ ಹಾಕಿಬಿಡುತ್ತೇನೋ ಅಂತ ಭಯ.’

‘ಬಂದವರು ನಿಮಗೇನು ಮಾಡಿದರು?’

‘ಏನೂ ಇಲ್ಲ. ಡಾಕ್ಟರ ಹತ್ತಿರ ಹೋಗಲು ಮೂರು ವಾರ ಕಾಯಬೇಕು. ನನ್ನ ಬೀದಿಯಲ್ಲಿ ನನ್ನ ಭಾಷೆ ಕೇಳಿಸುವುದಿಲ್ಲ. ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. ನಿಮ್ಮವರು ಬರುತ್ತಲೇ ಇದ್ದಾರೆ.’

‘ನಿಮ್ಮವರು’ ಎಂಬ ಮಾತು ಚುಚ್ಚಿತು. ‘ನಿಮ್ಮ ಕ್ಯಾರೆನ್ ಇಲ್ಲಿಗೆ ಬಂದಾಗ ಈ ಊರಿನವರನ್ನು ಕೇಳಿದ್ದಳೇ?’ ಎಂದೆ.

‘ಅದು ಬೇರೆ’ ಎಂದರು. ಹೇಗೆ ಬೇರೆ ಎಂದು ಹೇಳಲಿಲ್ಲ. ಬಸ್ಸು ಬರುವವರೆಗೆ ಇಬ್ಬರೂ ಸರೋವರ ನೋಡುತ್ತ ಕುಳಿತೆವು.

ನನಗೆ ಕೋಪ ಬಂದದ್ದು ಅವರ ಮೇಲಷ್ಟೇ ಅಲ್ಲ. ನಮ್ಮೂರಿನ ಕೆರೆ ಏರಿಯ ಕೆಳಗೆ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿವೆ. ಮೊದಲು ಕಟಾವು ಮುಗಿಸಿ ಹೋಗುತ್ತಿದ್ದವರು, ಆಮೇಲೆ ವರ್ಷವಿಡೀ ಉಳಿದರು. ಕೆರೆ ನೀರು ಕೆಟ್ಟಿತು, ಶಾಲೆ ಕಿಕ್ಕಿರಿಯಿತು, ಅವರಾಡುವ ಕನ್ನಡ ಕನ್ನಡವೇ ಅಲ್ಲ ಎಂದು ಊರಿನಲ್ಲಿ ಗೊಣಗಾಟ ಶುರುವಾಯಿತು. ನಾನು ಚುನಾವಣೆಗೆ ನಿಂತಾಗ ಎದುರಾಳಿ, ಗೆದ್ದ ಒಂದು ತಿಂಗಳಲ್ಲಿ ಗುಡಿಸಲು ತೆಗೆಸುತ್ತೇನೆ ಎಂದು ಸಾರಿದ. ಮರುದಿನ ನಾನು ಅರಳಿಕಟ್ಟೆಯ ಮುಂದೆ ನಿಂತು, ಹದಿನೈದು ದಿನ ಸಾಕು ಎಂದೆ. ಅದೇ ದಿನ ಸಂಜೆ ಗುಡಿಸಲುಗಳಿಗೆ ಹೋಗಿ, ಅಲ್ಲಿ ಮತದಾರರ ಪಟ್ಟಿಗೆ ಸೇರಿದ್ದವರಿಗೆ, ನಲ್ಲಿ ಹಾಕಿಸಿಕೊಡುತ್ತೇನೆ ಎಂದೆ. ಎರಡು ಕಡೆಯೂ ಓಟು ಬಿತ್ತು. ಗುಡಿಸಲು ತೆಗೆಸಲಿಲ್ಲ, ನಲ್ಲಿಯೂ ಬರಲಿಲ್ಲ. ಯಾರು ಕೇಳಿದರೂ ‘ಗಮನದಲ್ಲಿದೆ’ ಎಂದು ಎರಡೂವರೆ ವರ್ಷ ಕಳೆದೆ.

ಇದನ್ನು ಅಂದು ಡೆನಿಸ್‌ಗೆ ಹೇಳಲಿಲ್ಲ.

ಮಿಲ್ ಕ್ರೀಕಿನಲ್ಲಿ ಗಣೇಶ

ಒಂದು ವಾರ ನಾನು ಬೆಂಚಿನ ಕಡೆ ಹೋಗಲಿಲ್ಲ. ಎಂಟನೆಯ ದಿನ ಬಾಗಿಲ ಮುಂದೆ ಒಂದು ತಟ್ಟೆ ಇತ್ತು. ಬ್ಲ್ಯಾಕ್‌ಬೆರಿಯ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉದುರಿಸಿ ಬೇಯಿಸಿದ ಸಿಹಿ. ಜೊತೆಯಲ್ಲೊಂದು ಚೀಟಿ: ‘ಮೊಟ್ಟೆ ಇಲ್ಲ. ವಿಚಾರಿಸಿಕೊಂಡೇ ಮಾಡಿದ್ದೇನೆ.’ ಅನಘಾ ಅರ್ಧ ಖಾಲಿ ಮಾಡಿದಳು. ಮಾರನೆಯ ದಿನ ಗಣೇಶನ ಹಬ್ಬಕ್ಕೆ ಮಿಲ್ ಕ್ರೀಕ್ ಎಂಬ ಹತ್ತಿರದ ಊರಿನಲ್ಲಿದ್ದ ಶೈಲಾಳ ಸ್ನೇಹಿತರ ಮನೆಗೆ ಹೊರಟಾಗ ಡೆನಿಸ್ ಅವರನ್ನೂ ಕರೆದುಕೊಂಡು ಹೋದೆವು.

ಕಡುಬು, ಕೋಸಂಬರಿ, ಬಿಸಿಬೇಳೆಬಾತು, ಅನ್ನ ಸಾರು. ಡೆನಿಸ್ ನೆಲದ ಮೇಲೆ ಕೂರಲಾರದೆ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಎಲೆ ಇಟ್ಟುಕೊಂಡು ಕೈಯಲ್ಲೇ ತಿಂದರು. ಸಾರು ಮೊಣಕೈಗೆ ಇಳಿಯಿತು. ಊಟದ ನಂತರ ಗಂಡಸರು ಫೋನು ಹಿಡಿದು ಒಂದೆಡೆ ಸೇರಿದಾಗ, ಕ್ರಿಕೆಟ್ ಸ್ಕೋರೇ ಎಂದು ಕೇಳಿದರು.

‘ಅಲ್ಲ ಅಂಕಲ್. ಗ್ರೀನ್ ಕಾರ್ಡಿನ ಕ್ಯೂ. ಪ್ರತಿ ತಿಂಗಳೂ ಗವರ್ನಮೆಂಟ್ ಒಂದು ಡೇಟ್ ಹಾಕುತ್ತೆ, ಅದಕ್ಕಿಂತ ಮುಂಚೆ ಅಪ್ಲೈ ಮಾಡಿದೋರಿಗೆ ಸಿಗುತ್ತೆ. ನಮ್ಮ ಡೇಟ್ ಬಂತಾ ಅಂತ ನೋಡೋದು’ ಎಂದ ನಾಗೇಂದ್ರ.

‘ಎಷ್ಟು ದಿನದಿಂದ ನೋಡುತ್ತಿದ್ದೀಯ?’

‘ಹದಿಮೂರು ವರ್ಷ.’

ಡೆನಿಸ್ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ‘ಕ್ಯಾರೆನ್‌ಗೆ ಎರಡು ವರ್ಷದಲ್ಲಿ ಸಿಕ್ಕಿತು. ಅವಳು ಬಂದು ಆರು ವರ್ಷವೂ ಆಗಿಲ್ಲ.’

‘ಅವರು ಹುಟ್ಟಿದ್ದು ಇಂಗ್ಲೆಂಡಲ್ಲಿ. ನಾವು ಹುಟ್ಟಿದ್ದು ಇಂಡಿಯಾದಲ್ಲಿ. ಕ್ಯೂ ಬೇರೆ ಬೇರೆ’ ಎಂದ ನಾಗೇಂದ್ರ, ಬೇಸರವೇ ಇಲ್ಲದ ದನಿಯಲ್ಲಿ. ಬೇಸರ ಪಡುವ ಕಾಲ ದಾಟಿಹೋಗಿತ್ತು.

ಶೈಲಾ ಪಾತ್ರೆ ಜೋಡಿಸುತ್ತಲೇ ಹೇಳಿದಳು: ‘ನಮ್ಮದು ಬಿಡಿ ಅಂಕಲ್. ಅನಘಾಗೆ ಇಪ್ಪತ್ತೊಂದು ತುಂಬಿದ್ರೆ ಅವಳು ನಮ್ಮ ಅಪ್ಲಿಕೇಶನ್ನಿಂದ ಆಚೆ ಹೋಗ್ತಾಳೆ. ಆಮೇಲೆ ಅವಳೇ ಬೇರೆ ವೀಸಾ ತಗೋಬೇಕು, ಇಲ್ಲ ವಾಪಸ್ ಹೋಗ್ಬೇಕು. ಪ್ರತಿ ಎಲೆಕ್ಷನ್‌ಗೂ ಯಾರಾದ್ರೂ ಬಂದು ಸರಿ ಮಾಡ್ತೀವಿ ಅಂತಾರೆ.’

‘ವಾಪಸ್ ಎಲ್ಲಿಗೆ?’ ಎಂದರು ಡೆನಿಸ್. ಎರಡು ವರ್ಷದ ಕೂಸಾಗಿ ಬಂದವಳು ಎಂದು ಅವರಿಗೆ ಗೊತ್ತಿತ್ತು. ಅನಘಾ ಎದ್ದು ಹೋಗಿ ಮಕ್ಕಳ ಜೊತೆ ಕುಳಿತಳು.

ಹಿಂದಿರುಗುವಾಗ ಕಾರಿನಲ್ಲಿ ಡೆನಿಸ್ ನನಗಷ್ಟೇ ಕೇಳುವಂತೆ, ‘ಅದು ಬೇರೆ ಅಂದಿದ್ದೆನಲ್ಲ. ಬೇರೆಯೇ ಹೌದು. ನಾನು ಅಂದುಕೊಂಡಿದ್ದ ಬೇರೆ ಅಲ್ಲ’ ಎಂದರು.

ಸಭೆ

ಆ ಶರತ್ಕಾಲದಲ್ಲಿ ಚುನಾವಣೆ ಇತ್ತು. ದೇಶದ ಸಂಸತ್ತಿಗೆ ನಿಂತಿದ್ದ ಹೆಂಗಸೊಬ್ಬರು ಶನಿವಾರ ಮಧ್ಯಾಹ್ನ ಹತ್ತಿರದ ಸಮುದಾಯ ಭವನದಲ್ಲಿ ಜನರ ಪ್ರಶ್ನೆಗೆ ಉತ್ತರಿಸುತ್ತಾರೆ ಎಂಬ ಕಾಗದ ಅಪಾರ್ಟ್‌ಮೆಂಟಿನ ಗೋಡೆಯ ಮೇಲಿತ್ತು. ಹೋಗೋಣ ಎಂದವಳು ಅನಘಾ. ‘ಟೈಂ ವೇಸ್ಟ್’ ಎಂದ ನಾಗೇಂದ್ರ, ಆದರೂ ಕಾರು ತೆಗೆದ. ಡೆನಿಸ್ ಟೈ ಕಟ್ಟಿಕೊಂಡು ಬಂದಿದ್ದರು.

ನಮ್ಮಲ್ಲಿಯಂತೆ ಶಾಮಿಯಾನ, ಮೈಕಾಸುರ, ಹಾರ ಯಾವುದೂ ಇಲ್ಲ. ಮಡಚುವ ಕುರ್ಚಿಗಳು, ಬಿಸ್ಕತ್ತು, ಫ್ಲಾಸ್ಕಿನಲ್ಲಿ ಕಾಫಿ. ಅಭ್ಯರ್ಥಿಗೆ ನಲವತ್ತರ ಆಸುಪಾಸು, ನೆಗಡಿಯಾಗಿತ್ತು. ಜನ ಸರದಿಯಲ್ಲಿ ನಿಂತು, ಪಾರ್ಕಿನ ದೀಪದಿಂದ ಹಿಡಿದು ಯುದ್ಧದವರೆಗೆ ಕೇಳಿದರು. ಒಬ್ಬರೂ ಕೂಗಲಿಲ್ಲ. ನನ್ನ ಪಂಚಾಯಿತಿಯ ಗ್ರಾಮಸಭೆಗಳನ್ನು ನೆನೆದು ನನಗೆ ಹೊಟ್ಟೆಕಿಚ್ಚಾಯಿತು.

ಅನಘಾ ಎದ್ದಾಗ ಶೈಲಾ ನನ್ನ ಕೈ ಹಿಡಿದುಕೊಂಡಳು. ಹುಡುಗಿ ತನ್ನ ವಯಸ್ಸು ಹೇಳಿದಳು, ಇಪ್ಪತ್ತೊಂದರ ವಿಚಾರ ಹೇಳಿದಳು. ‘ನೀವು ಗೆದ್ದರೆ ಅಷ್ಟರೊಳಗೆ ಇದು ಸರಿಹೋಗುತ್ತಾ?’ ಎಂದು ಕೇಳಿದಳು.

ಅಭ್ಯರ್ಥಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ, ಎಲ್ಲ ಪಕ್ಷದವರ ಜೊತೆ ಮಾತಾಡುತ್ತೇನೆ, ನಿನ್ನಂಥವರ ಧ್ವನಿ ಅಲ್ಲಿಗೆ ತಲುಪಬೇಕು ಎಂದರು. ಎರಡು ನಿಮಿಷ ಚೆನ್ನಾಗಿಯೇ ಮಾತಾಡಿದರು. ಪ್ರತಿ ವಾಕ್ಯವೂ ನನಗೆ ಪರಿಚಿತವಾಗಿತ್ತು. ಭಾಷೆಯೊಂದು ಬಿಟ್ಟರೆ, ಅದು ನನ್ನ ‘ಗಮನದಲ್ಲಿದೆ’.

ಜನ ಚಪ್ಪಾಳೆ ತಟ್ಟಲು ಶುರು ಮಾಡಿದಾಗ ಡೆನಿಸ್ ಎದ್ದು ನಿಂತರು. ಸರದಿ ನೋಡಿಕೊಳ್ಳುತ್ತಿದ್ದ ಯುವತಿ ಕೂರಲು ಸನ್ನೆ ಮಾಡಿದಳು. ಅವರು ಕೂರಲಿಲ್ಲ. ‘ಕ್ಷಮಿಸಿ, ನಾನು ಇಲ್ಲಿಯ ಮತದಾರನಲ್ಲ. ಇಲ್ಲಿಯವನೇ ಅಲ್ಲ. ನಮ್ಮ ದೇಶದಲ್ಲಿ ನಾನು ಇದರ ಉಲ್ಟಾ ಕೇಳುತ್ತಿದ್ದೆ, ಬರುವವರನ್ನು ನಿಲ್ಲಿಸಿ ಅಂತ. ನನಗೂ ಇದೇ ಉತ್ತರ ಸಿಕ್ಕಿತು, ಇಪ್ಪತ್ತು ವರ್ಷ. ಈ ಹುಡುಗಿ ಕೇಳಿದ್ದು ಆಗುತ್ತದೆಯೋ ಇಲ್ಲವೋ ಎಂದು. ಅಷ್ಟು ಹೇಳಿಬಿಡಿ’ ಎಂದರು.

ಅಭ್ಯರ್ಥಿ ನೀರು ಕುಡಿದರು. ಮೂಗು ಒರೆಸಿಕೊಂಡರು. ಆಮೇಲೆ ಅನಘಾಳನ್ನೇ ನೋಡಿ, ‘ಇಲ್ಲ. ನಾನು ಗೆದ್ದರೂ ನಾಲ್ಕು ವರ್ಷದಲ್ಲಿ ಇದು ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಪ್ರಯತ್ನ ಮಾಡುತ್ತೇನೆ. ಆದರೆ ನನ್ನ ಮಾತು ನಂಬಿಕೊಂಡು ನೀನು ಮುಂದಿನ ಲೆಕ್ಕ ಹಾಕಬೇಡ’ ಎಂದರು.

ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಅನಘಾ ಥ್ಯಾಂಕ್ಯೂ ಎಂದು ಕುಳಿತಳು.

ಕಾರಿನಲ್ಲಿ ನಾಗೇಂದ್ರ, ‘ಇದನ್ನ ಕೇಳಕ್ಕೆ ಇಷ್ಟು ದೂರ ಬರ್ಬೇಕಿತ್ತಾ?’ ಎಂದ. ಶೈಲಾ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಅನಘಾ ಮಾತ್ರ, ‘ಐ ಲೈಕ್ಡ್ ಹರ್’ ಎಂದಳು. ಮಾರನೆಯ ದಿನ ಅವಳು ಕಾಲೇಜುಗಳ ಪಟ್ಟಿಗೆ ಗಡಿಯಾಚೆಯ ವ್ಯಾಂಕೂವರಿನ ಎರಡು ಹೆಸರು ಸೇರಿಸಿದಳು. ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಆ ದೇಶದಲ್ಲಿ ಓದಿ ಅಲ್ಲೇ ನೆಲೆಸುವುದು ಹೇಗೆ ಎಂದು ತೋರಿಸಿದಳು. ‘ಮೂರು ಗಂಟೆ ಡ್ರೈವ್ ಅಕ್ಕ, ಅಷ್ಟೇ’ ಎಂದು ಶೈಲಾ ಆ ದಿನ ನನಗೆ ನಾಲ್ಕು ಸಲ ಹೇಳಿದಳು.

ಮತ್ತೆ ಬೆಂಚು

ಸೋಮವಾರ ಡೆನಿಸ್ ಖುಷಿಯಾಗಿದ್ದರು. ‘ಆ ಹೆಂಗಸಿಗೆ ಓಟು ಹಾಕಲು ಆಗುವುದಿಲ್ಲವಲ್ಲ ಅಂತ ಬೇಜಾರು’ ಎಂದರು. ಬಳಿಕ ನನ್ನ ಕಡೆ ತಿರುಗಿ, ‘ನೀವು ಏನೇನು ಆಶ್ವಾಸನೆ ಕೊಟ್ಟಿದ್ದಿರಿ, ಮೇಡಂ ಪ್ರೆಸಿಡೆಂಟ್?’ ಎಂದು ಕೇಳಿದರು.

ಕೆರೆಯಂಚಿನ ಗುಡಿಸಲುಗಳ ಕತೆಯನ್ನು ಹೇಳಿದೆ. ಅರಳಿಕಟ್ಟೆಯ ಮುಂದಿನ ಹದಿನೈದು ದಿನ, ಸಂಜೆಯ ನಲ್ಲಿ, ಎರಡನ್ನೂ ಹೇಳಿದೆ. ಗೆದ್ದ ಮೇಲೆ ಜಾಗ ನೋಡಲು ಹೋದಾಗ ಗುಡಿಸಲಿನವರ ಪೈಕಿ ಯಲ್ಲಮ್ಮ ಎಂಬಾಕೆ ಚಾಪೆ ಹಾಸಿ ಚಹಾ ಕೊಟ್ಟಿದ್ದನ್ನು ಹೇಳಿದೆ. ಆ ಚಹಾ ಕುಡಿದ ಮೇಲೆ ತೆಗೆಸಲು ಮನಸ್ಸು ಬರಲಿಲ್ಲ, ಊರಿನವರಿಗೆ ಹೆದರಿ ನಲ್ಲಿ ಹಾಕಿಸಲು ಧೈರ್ಯವೂ ಬರಲಿಲ್ಲ. ಯಾರಿಗೂ ಅದನ್ನು ಒಪ್ಪಿಕೊಂಡು ಹೇಳಲೂ ಇಲ್ಲ.

ಅವರು ಸಮಾಧಾನ ಹೇಳಬಹುದು ಎಂದುಕೊಂಡಿದ್ದೆ. ‘ಹಾಗಾದರೆ ನೀವೂ ಅವರಲ್ಲೊಬ್ಬರು’ ಎಂದರು, ಕೋಪವಿಲ್ಲದೆ. ಆಮೇಲೆ, ‘ಆಕೆಯ ಫೋನ್ ನಂಬರು ಇದೆಯೇ?’ ಎಂದರು.

ಇತ್ತು. ನಲ್ಲಿಯ ವಿಚಾರಕ್ಕೆ ಆಕೆ ವರ್ಷಗಟ್ಟಲೆ ನನಗೆ ಕರೆ ಮಾಡಿದ ನಂಬರು. ಇಲ್ಲಿ ಬೆಳಗಾಗಿತ್ತು, ಊರಿನಲ್ಲಿ ರಾತ್ರಿ ಊಟದ ಹೊತ್ತು. ಡೆನಿಸ್ ಎದ್ದು ಪೊದೆಗಳ ಕಡೆ ನಡೆದರು. ನಾನು ಕರೆ ಮಾಡಿದೆ.

‘ಅಕ್ಕಾರ, ಅಮೇರಿಕಾಕ ಹೋಗೀರಂತಲ್ರೀ’ ಎಂದಳು ಯಲ್ಲಮ್ಮ. ಹಿಂದೆ ಮಕ್ಕಳ ಗಲಾಟೆ.

ಸುತ್ತಿಬಳಸದೆ ಹೇಳಿದೆ. ‘ಯಲ್ಲಮ್ಮ, ನಲ್ಲಿ ಹಾಕಿಸ್ತೀನಿ ಅಂದಿದ್ದೆ. ಊರೋರಿಗೆ ಹೆದ್ರಿಕೊಂಡು ಹಾಕಿಸ್ಲಿಲ್ಲ. ಅದೇ ದಿನ ಊರೋರ ಮುಂದೆ ನಿಮ್ಮುನ್ನ ಎಬ್ಬಿಸ್ತೀನಿ ಅಂತ್ಲೂ ಹೇಳಿದ್ದೆ ಕಣವ್ವ. ಎಲ್ಡ್ ಕಡೀಕೂ ಸುಳ್ಳೇಳ್ದೆ.’

ಆ ಕಡೆ ಯಾರಿಗೋ ಸುಮ್ಮನಿರು ಎಂದು ಗದರಿದ ದನಿ. ‘ನಮಗ ಆವತ್ತ ಗೊತ್ತಿತ್ತಲ್ರೀ ಅಕ್ಕಾರ. ಕಟ್ಟಿ ಮುಂದ ನೀವು ಮಾತಾಡಾಕ ಹತ್ತಿದಾಗ ನನ್ನ ಮಗಳು ಅಲ್ಲೇ ನಿಂತಿದ್ಲು. ಬಂದು ಹೇಳಿದ್ಲು.’

‘ಗೊತ್ತಿದ್ದೂ ಚಹಾ ಕೊಟ್ಟೆಯಲ್ಲೇ?’

‘ಎಬ್ಬಸಾಕ ಬಂದೀರಿ ಅಂತ ತಿಳ್ಕೊಂಡೇ ಕೊಟ್ಟೆನ್ರಿ. ಕುಂತು ಕುಡದ ಮ್ಯಾಲ ಎಬ್ಬಸಾಕ ಯಾರಿಗೂ ಬಾಯಿ ಬರಂಗಿಲ್ಲ.’

ಊರಿಗೆ ಬಂದ ಮೇಲೆ ಜೊತೆಯಲ್ಲಿ ಪಂಚಾಯಿತಿಗೆ ಬಂದು, ಈಗಿನವರ ಎದುರು ಅರ್ಜಿ ಹಾಕುತ್ತೇನೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದೆ. ‘ಹಾಕೋಣ್ರಿ’ ಎಂದಳು, ಅದನ್ನು ದೊಡ್ಡದೇನೂ ಮಾಡದೆ. ನಂತರ ಆ ಊರಿನ ಬಗ್ಗೆ ವಿಚಾರಿಸಿದಳು. ಚಳಿ ಐತೇನ್ರಿ, ಜ್ವಾಳ ಸಿಗತೈತೇನ್ರಿ, ತಂಗಿ ಛಲೋ ನೋಡ್ಕೊಂತಾರೇನ್ರಿ. ಎಲ್ಲಕ್ಕೂ ಉತ್ತರ ಹೇಳಿದೆ.

‘ಮತ್ತ ಅಲ್ಲಿ ನಿಮ್ಮನ್ನ ಯಾರರ ಏಳ್ರಿ ಅಂದ್ರೇನ್ರಿ?’

‘ಇಲ್ಲ ಯಲ್ಲಮ್ಮ’ ಎಂದೆ. ‘ಯಾರೂ ಅನ್ಲಿಲ್ಲ.’

‘ಹಂಗಾದ್ರ ಇನ್ನೊಂದೀಟು ದಿನ ಇದ್ದು ಬರ್ರಿ’ ಎಂದಳು.